ಗಾಳಿ ಎದ್ದ ದಿನದ ಲೆಕ್ಕ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಭೀಮಾ ನದಿಯ ದಡಕ್ಕೆ ಅಗರಖೇಡ ಎಂಬ ಊರಿದೆ. ಕೆಲವು ವರ್ಷಗಳ ಹಿಂದೆ, ಒಂದು ಮಾರ್ಚ್ ತಿಂಗಳಲ್ಲಿ, ಒಣ ಬೇಸಾಯವನ್ನು ಕುರಿತ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ನಮ್ಮ ತಂಡ ಅಲ್ಲಿಗೆ ಹೋಗಿತ್ತು. ಹಿಂಗಾರಿ ಜೋಳದ ಸುಗ್ಗಿ ಮುಗಿದು, ಕಣಿಕೆಯ ಬಣವೆಗಳು ಊರ ಹೊರಗೆ ಸಾಲಾಗಿ ನಿಂತಿದ್ದವು. ಅವುಗಳಲ್ಲಿ ಒಂದು ಮಾತ್ರ ಕರಿಯ ಬೂದಿಯ ಗುಡ್ಡೆಯಾಗಿತ್ತು. ಸುಟ್ಟು ಎರಡು ದಿನವಾಗಿದ್ದರೂ ಒಳಗಿನಿಂದ ಹೊಗೆ ಏಳುತ್ತಲೇ ಇತ್ತು. ಬಣವೆ ಎಂದರೆ ಪೇಟೆಯವರ ಕಣ್ಣಿಗೆ ಒಂದು ಹುಲ್ಲಿನ ರಾಶಿ. ರೈತನಿಗೆ ಅದು ಮುಂದಿನ ಸುಗ್ಗಿಯವರೆಗೆ ಎತ್ತು, ಎಮ್ಮೆಗಳ ಹೊಟ್ಟೆಯ ಪಾಡು. ಆ ಮನೆಯವರು ಎರಡು ಎತ್ತುಗಳನ್ನು ಸಂತೆಗೆ ಹೊಡೆಯುವ ಮಾತಾಡುತ್ತಿದ್ದರು.

ಬೆಂಕಿ ಹೇಗೆ ಬಿತ್ತು ಎಂದು ಕೇಳಿದೆ. ಯಾರೋ ಬೀಡಿ ಸೇದಿ ಎಸೆದಿರಬೇಕು ಎಂದರು ಕೆಲವರು. ತಂತಿಗೆ ತಂತಿ ಬಡಿದು ಕಿಡಿ ಉದುರಿತು ಎಂದರು ಮತ್ತೆ ಕೆಲವರು. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಮಾತ್ರ ಬೇರೆಯೇ ಮಾತು ಹೇಳಿದರು: "ಕಿಡಿ ದಿನಾ ಬೀಳತಾವ್ರೀ ಸಾಹೇಬ್ರ. ಅವತ್ತ ಗಾಳಿ ಎದ್ದಿತ್ತು, ಕಣಕಿ ಹಪ್ಪಳ ಆಗಿತ್ತು."

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವನು. ಆದರೂ ಆ ಮಾತಿನ ತೂಕ ನನಗೆ ತಿಳಿದದ್ದು ತಡವಾಗಿ. ಬಯಲಿನ ಬೆಂಕಿಯನ್ನು ದೊಡ್ಡದು ಮಾಡುವುದು ಕಿಡಿಯಲ್ಲ, ಆ ದಿನ. ಮತ್ತು ಅಂಥ ದಿನವನ್ನು ಮುಂಚಿತವಾಗಿಯೇ ತಿಳಿಯಬಹುದು. ಇಷ್ಟನ್ನು ಗೊತ್ತುಪಡಿಸಿಕೊಳ್ಳಲು ವಿಜ್ಞಾನಕ್ಕೆ ಸುಮಾರು ನೂರು ವರ್ಷ ಹಿಡಿಯಿತು. ಆ ನೂರು ವರ್ಷಗಳ ಕಥೆಯನ್ನು ವಿದ್ಯಾರ್ಥಿಗಳು ತಿಳಿಯಬೇಕು. ಏಕೆಂದರೆ ಅದರ ಲೆಕ್ಕ ಎಂಟನೆಯ ತರಗತಿಯ ಗಣಿತಕ್ಕಿಂತ ಹೆಚ್ಚಿನದಲ್ಲ.

ಮೊದಲು ಹಪ್ಪಳದ ವಿಚಾರವನ್ನೇ ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ಕರಿದ ಹಪ್ಪಳವನ್ನು ಹೊರಗಿಟ್ಟರೆ ಗಳಿಗೆಯೊಳಗೆ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಸಂಜೆಯವರೆಗೂ ಗರಿಗರಿಯಾಗಿಯೇ ಇರುತ್ತದೆ. ಒಣಗಿದ ಹುಲ್ಲೂ ಹೀಗೆಯೇ. ಅದಕ್ಕೆ ಬೇರಿನಿಂದ ನೀರು ಬರುವುದು ನಿಂತಿದ್ದರೂ, ಗಾಳಿಯಲ್ಲಿರುವ ತೇವವನ್ನು ಅದು ಹೀರುತ್ತಲೂ ಬಿಡುತ್ತಲೂ ಇರುತ್ತದೆ. ದಪ್ಪ ದಿಮ್ಮಿಗೆ ಸುತ್ತಲಿನ ಗಾಳಿಯ ತೇವಕ್ಕೆ ಹೊಂದಿಕೊಳ್ಳಲು ವಾರಗಳು ಬೇಕು. ಹುಲ್ಲಿನ ಕಡ್ಡಿಗೆ ಒಂದು ಗಂಟೆ ಸಾಕು. ಆದ್ದರಿಂದ ಬೆಳಗಿನ 8 ಗಂಟೆಯ ಹುಲ್ಲೂ ಮಧ್ಯಾಹ್ನ 3 ಗಂಟೆಯ ಹುಲ್ಲೂ ಕಣ್ಣಿಗೆ ಒಂದೇ ಆಗಿ ಕಂಡರೂ ಬೆಂಕಿಗೆ ಒಂದೇ ಅಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 20ರ ಹತ್ತಿರಕ್ಕೆ ಇಳಿದರೆ ಕಡ್ಡಿಯ ತೇವಾಂಶ ಶೇಕಡಾ 5ರ ಆಸುಪಾಸಿಗೆ ಇಳಿಯುತ್ತದೆ. ಕಡ್ಡಿ ಉರಿಯುವ ಮೊದಲು ಅದರಲ್ಲಿರುವ ನೀರು ಆವಿಯಾಗಬೇಕಷ್ಟೆ? ಆವಿಯಾಗಲು ನೀರೇ ಇಲ್ಲದಿದ್ದರೆ ಬೆಂಕಿಗೆ ಆ ಕೆಲಸವೂ ಉಳಿಯಿತು.

ಇನ್ನು ಗಾಳಿ. ಅದು ಬೆಂಕಿಗೆ ಹೊಸ ಆಮ್ಲಜನಕ ತಂದುಕೊಡುವುದಷ್ಟೇ ಅಲ್ಲ, ಜ್ವಾಲೆಯನ್ನು ಬಗ್ಗಿಸಿ ಮುಂದಿನ ಹುಲ್ಲಿಗೆ ಮುಟ್ಟಿಸುತ್ತದೆ. ಪೂರ್ತಿ ಒಣಗಿದ ಹುಲ್ಲಿನ ಬಯಲಿನಲ್ಲಿ ಜೋರು ಗಾಳಿ ಬೀಸುತ್ತಿದ್ದರೆ, ಬೆಂಕಿಯ ಮುಂಚೂಣಿ ಗಾಳಿಯ ವೇಗದ ಸುಮಾರು ಐದನೆಯ ಒಂದು ಭಾಗದ ವೇಗದಲ್ಲಿ ಮುನ್ನುಗ್ಗುತ್ತದೆ ಎಂಬುದು ಸಂಶೋಧಕರು ಕೊಡುವ ಅಂದಾಜು. ಗಾಳಿ ಗಂಟೆಗೆ 40 ಕಿ.ಮೀ. ಇದ್ದರೆ ಬೆಂಕಿ ಗಂಟೆಗೆ 8 ಕಿ.ಮೀ. ಮನುಷ್ಯ ಬಿರುಸಾಗಿ ನಡೆದರೆ ಗಂಟೆಗೆ ಐದೋ ಆರೋ ಕಿ.ಮೀ. ಹೋದಾನು. ಉಳಿದದ್ದನ್ನು ನೀವೇ ಲೆಕ್ಕ ಹಾಕಿಕೊಳ್ಳಿ.

ಇತಿಹಾಸಕ್ಕೆ ಬರೋಣ. 1871ರ ಅಕ್ಟೋಬರ್ 8ರ ರಾತ್ರಿ ಅಮೆರಿಕದ ಷಿಕಾಗೋ ನಗರ ಹೊತ್ತಿ ಉರಿಯಿತು. ಸುಮಾರು 300 ಜನ ಸತ್ತರು. ಓಲಿಯರಿ ಎಂಬಾಕೆಯ ಹಸು ಲಾಟೀನನ್ನು ಒದ್ದದ್ದೇ ಕಾರಣ ಎಂದು ಊರೆಲ್ಲ ಮಾತಾಡಿತು. ಆ ಹಸುವನ್ನೂ ಅದರ ಒಡತಿಯನ್ನೂ ನಗರಸಭೆ ದೋಷಮುಕ್ತಗೊಳಿಸಿದ್ದು 1997ರಲ್ಲಿ! ಆದರೆ ಅದೇ ರಾತ್ರಿ, ಅಲ್ಲಿಂದ ಸುಮಾರು 400 ಕಿ.ಮೀ. ಉತ್ತರಕ್ಕಿರುವ ಪೆಷ್ಟಿಗೋ ಎಂಬ ಊರೂ ಸುಟ್ಟು ಹೋಯಿತು. ಅಲ್ಲಿ ಮತ್ತು ಸುತ್ತಮುತ್ತ ಸತ್ತವರು ಸಾವಿರಕ್ಕೂ ಹೆಚ್ಚು. ಒಂದು ಹಸು ಎರಡು ಊರುಗಳನ್ನು ಸುಡಲಾರದು. ಎರಡಕ್ಕೂ ಸಮಾನವಾಗಿದ್ದದ್ದು ಮಳೆಯಿಲ್ಲದ ಬೇಸಿಗೆ ಮತ್ತು ಆ ದಿನ ಬೀಸಿದ ನೈಋತ್ಯದ ಒಣ ಗಾಳಿ. ಅಮೆರಿಕದ ಸೈನ್ಯ ತಂತಿ ಸಂದೇಶಗಳ ನೆರವಿನಿಂದ ಹವಾಮಾನದ ಮುನ್ಸೂಚನೆ ಕೊಡಲು ಆರಂಭಿಸಿ ಆಗ ಒಂದು ವರ್ಷವೂ ತುಂಬಿರಲಿಲ್ಲ. ಬಿರುಗಾಳಿ ಮುಖ್ಯವಾಗಿ ಹಡಗುಗಳಿಗೆ ಅಪಾಯ ಎಂದೇ ಎಲ್ಲರೂ ತಿಳಿದಿದ್ದರು.

ಹುಲ್ಲಿಗೂ ಬಿರುಗಾಳಿಗೂ ಇರುವ ನಂಟನ್ನು ಅಳೆದು ನೋಡಿದವರಲ್ಲಿ ಮೊದಲಿಗರಾಗಿ ನೆನೆಯಬೇಕಾದವನು ಹ್ಯಾರಿ ಗಿಸ್ಬೋರ್ನ್. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಈತ 1920ರ ಮತ್ತು 30ರ ದಶಕಗಳಲ್ಲಿ ಮರದ ಕಡ್ಡಿಗಳನ್ನು ಬಯಲಿನಲ್ಲಿಟ್ಟು, ತೂಗಿ ತೂಗಿ, ಅವುಗಳ ತೇವಾಂಶ ಹೇಗೆ ಏರಿಳಿಯುತ್ತದೆ ಎಂದು ಬರೆದಿಟ್ಟ. ಅದನ್ನು ಗಾಳಿ ಮತ್ತು ಆರ್ದ್ರತೆಗಳೊಂದಿಗೆ ಸೇರಿಸಿ, ಬೆಂಕಿಯ ಅಪಾಯವನ್ನು ತೋರಿಸುವ ಒಂದು ಮಾಪಕವನ್ನು ಸಿದ್ಧಪಡಿಸಿದ. 1949ರ ಆಗಸ್ಟ್ 5ರಂದು ಮೊಂಟಾನಾ ರಾಜ್ಯದ ಮ್ಯಾನ್ ಗಲ್ಚ್ ಎಂಬ ಕಣಿವೆಯಲ್ಲಿ, ಬೆಂಕಿ ಆರಿಸಲು ಹೋಗಿದ್ದ 13 ಮಂದಿ ಯುವಕರು ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿಗೆ ಸಿಕ್ಕಿ ಸತ್ತರು. ಅವರ ಮುಖಂಡ ವ್ಯಾಗ್ ಡಾಡ್ಜ್ ಓಡುವುದನ್ನು ಬಿಟ್ಟು, ತನ್ನ ಮುಂದಿನ ಹುಲ್ಲಿಗೆ ತಾನೇ ಕಡ್ಡಿ ಗೀರಿ, ಅದು ಸುಟ್ಟು ಬರಿದಾದ ಜಾಗದಲ್ಲಿ ಮಲಗಿ ಬದುಕಿಕೊಂಡ. ಸುಟ್ಟ ಹುಲ್ಲಿಗೆ ಮತ್ತೆ ಬೆಂಕಿ ಬೀಳದು! ಈ ಉಪಾಯ ಆ ಗಳಿಗೆಯಲ್ಲಿ ಬೇರೆ ಯಾರಿಗೂ ಹೊಳೆಯಲಿಲ್ಲ. ಅಷ್ಟು ವೇಗವಾಗಿ ಬೆಂಕಿ ಹೇಗೆ ಹತ್ತಿತು ಎಂದು ತಿಳಿಯಲು ಅದೇ ವರ್ಷದ ನವೆಂಬರಿನಲ್ಲಿ ಆ ಗುಡ್ಡ ಹತ್ತಿದ ಗಿಸ್ಬೋರ್ನ್ ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡ.

ಆದರೆ ಹುಲ್ಲಿನ ಬೆಂಕಿಗೇ ಬೇರೆ ಲೆಕ್ಕ ಬೇಕು ಎಂದು ಮನಗಂಡದ್ದು ಆಸ್ಟ್ರೇಲಿಯಾ. 1939ರ ಜನವರಿ 13, ಶುಕ್ರವಾರ, ಅಲ್ಲಿನ ವಿಕ್ಟೋರಿಯಾ ರಾಜ್ಯದಲ್ಲಿ ಬೆಂಕಿಯ ದಿನ. ಮೆಲ್ಬರ್ನ್ ನಗರದಲ್ಲಿ ಉಷ್ಣತೆ 45 ಡಿಗ್ರಿ ದಾಟಿತ್ತು. ಆ ಬೇಸಿಗೆಯ ಬೆಂಕಿಗಳಲ್ಲಿ 71 ಜನ ಸತ್ತರು. ಮುಂದೆ ಅಲನ್ ಮೆಕಾರ್ಥರ್ ಎಂಬ ಅರಣ್ಯ ವಿಜ್ಞಾನಿ ನೂರಾರು ಕಡೆ ತಾನೇ ಬೇಕೆಂದು ಸಣ್ಣ ಬೆಂಕಿ ಹಚ್ಚಿ, ಅದು ಎಷ್ಟು ಹೊತ್ತಿಗೆ ಎಷ್ಟು ದೂರ ಹೋಯಿತು ಎಂದು ಅಳೆದ. 1960ರ ದಶಕದಲ್ಲಿ ಅವನು ರೂಪಿಸಿದ ಮಾಪಕ ರಟ್ಟಿನ ದುಂಡು ಬಿಲ್ಲೆಗಳದ್ದು. ಒಂದರ ಮೇಲೊಂದು ತಿರುಗುವ ಆ ಬಿಲ್ಲೆಗಳಲ್ಲಿ ಉಷ್ಣತೆ, ಆರ್ದ್ರತೆ, ಗಾಳಿಯ ವೇಗ ಹೊಂದಿಸಿದರೆ ಒಂದು ಅಂಕಿ ಬರುತ್ತಿತ್ತು. ಕಾಡಿಗೆ ಒಂದು ಮಾಪಕ, ಹುಲ್ಲುಗಾವಲಿಗೆ ಇನ್ನೊಂದು. 1939ರ ಆ ಶುಕ್ರವಾರದಂಥ ದಿನಕ್ಕೆ 100 ಎಂದು ಗುರುತಿಟ್ಟು ಉಳಿದ ದಿನಗಳನ್ನು ಅದರ ಕೆಳಗೆ ಜೋಡಿಸಿದ್ದ. ವಿಜ್ಞಾನದ ಅಳತೆಗೋಲಿಗೆ ಒಂದು ದುರಂತವೇ ಮಾನದಂಡವಾದದ್ದು ಅಪರೂಪ.

ಹುಲ್ಲಿನ ಮಾಪಕದಲ್ಲಿ ಇನ್ನೂ ಒಂದು ಅಂಶವಿತ್ತು. ನಮ್ಮ ರೈತರಿಗೆ ಅದು ಹೇಳಿಕೊಡಬೇಕಾದ್ದಲ್ಲ. ಹುಲ್ಲು ನೂರಕ್ಕೆ ಎಷ್ಟು ಭಾಗ ಒಣಗಿದೆ ಎಂಬುದು. ಅರ್ಧ ಹಸಿರಿರುವ ಬಯಲಿಗೆ ಬೆಂಕಿ ಹಚ್ಚಿದರೂ ಹೊಗೆಯಾಡಿ ನಿಲ್ಲುತ್ತದೆ. ಪೂರ್ತಿ ಹಳದಿಯಾದ ಬಯಲು ಬೇರೆ. ಇದರಿಂದ ಒಂದು ವಿಚಿತ್ರ ಪರಿಣಾಮ ಬರುತ್ತದೆ: ಬರಗಾಲದ ವರ್ಷಕ್ಕಿಂತ ಚೆನ್ನಾಗಿ ಮಳೆಯಾದ ವರ್ಷದ ನಂತರದ ಬೇಸಿಗೆಯೇ ಬಯಲುಸೀಮೆಗೆ ಹೆಚ್ಚು ಅಪಾಯಕಾರಿ. ಹುಲ್ಲು ಬೆಳೆದರಲ್ಲವೇ ಸುಡಲು ಏನಾದರೂ ಇರುವುದು?

ಮೆಕಾರ್ಥರನ ನಂತರ, 1986ರಲ್ಲಿ ಆಸ್ಟ್ರೇಲಿಯಾದ ಉತ್ತರ ಭಾಗದ ಅನಬರೂ ಎಂಬಲ್ಲಿ ಫಿಲ್ ಚೇನಿ ಮತ್ತು ಸಂಗಡಿಗರು ಹುಲ್ಲುಗಾವಲಿನಲ್ಲಿ 121 ಪ್ರಾಯೋಗಿಕ ಬೆಂಕಿಗಳನ್ನು ಹಚ್ಚಿ ನೋಡಿದರು. ಹುಲ್ಲಿನ ತೂಕ ಹೆಚ್ಚಾದಷ್ಟೂ ಬೆಂಕಿ ಬೇಗ ಓಡುತ್ತದೆ ಎಂದು ಅದುವರೆಗೆ ನಂಬಲಾಗಿತ್ತು. ಅದು ಅಷ್ಟು ನಿಜವಲ್ಲ ಎಂದು ಕಂಡಿತು. ಗಾಳಿಯ ವೇಗ ಮತ್ತು ಬೆಂಕಿಯ ಸಾಲಿನ ಅಗಲ ಹೆಚ್ಚು ಮುಖ್ಯವಾಗಿದ್ದವು. ಒಂದು ಬಿಂದುವಿನಲ್ಲಿ ಹೊತ್ತಿದ ಬೆಂಕಿ ಮೊದಲು ನಿಧಾನವಾಗಿರುತ್ತದೆ. ಸಾಲು ಅಗಲವಾದಂತೆ ಗಾಳಿಯ ಪೂರ್ತಿ ವೇಗವನ್ನು ಹಿಡಿಯುತ್ತದೆ. ಹಸಿ ಬೇವಿನ ಟೊಂಗೆ ಹಿಡಿದು ಬಡಿಯುವವರಿಗೆ ದೊರೆಯುವುದು ಆ ಮೊದಲ ಕೆಲವು ನಿಮಿಷಗಳು ಮಾತ್ರ. ಅವತ್ತು ಗಾಳಿ ಏಳಲಿದೆ ಎಂದು ಮೊದಲೇ ಗೊತ್ತಿದ್ದವನು ಆ ನಿಮಿಷಗಳಲ್ಲಿ ಅಲ್ಲಿರುತ್ತಾನೆ, ಗೊತ್ತಿಲ್ಲದವನು ಸಂತೆಯಲ್ಲಿರುತ್ತಾನೆ.

ಇಷ್ಟೆಲ್ಲ ತಿಳಿದ ಮೇಲೂ 2009ರ ಫೆಬ್ರವರಿ 7ರ ಶನಿವಾರ ಬಂತು. ಅದೇ ವಿಕ್ಟೋರಿಯಾದಲ್ಲಿ ಮೆಕಾರ್ಥರನ ಅಂಕಿ 100ನ್ನು ಮೀರಿ ಹೋಯಿತು. ಹವಾಮಾನ ಇಲಾಖೆ ಆ ದಿನವನ್ನು ಕೆಲವು ದಿನಗಳ ಮೊದಲೇ ಸರಿಯಾಗಿ ಹೇಳಿತ್ತು. ರಾಜ್ಯದ ಮುಖ್ಯಸ್ಥರೇ ಹಿಂದಿನ ದಿನ ಜನರನ್ನು ಎಚ್ಚರಿಸಿದ್ದರು. ಆದರೂ 173 ಜನ ಸತ್ತರು. ಅವರಲ್ಲಿ 119 ಮಂದಿ ಸತ್ತದ್ದು ಒಂದೇ ಬೆಂಕಿಯಲ್ಲಿ, ಅದು ಹುಟ್ಟಿದ್ದು ಹರಿದ ಒಂದು ವಿದ್ಯುತ್ ತಂತಿಯಿಂದ. ಸಂಜೆ ಗಾಳಿ ದಿಕ್ಕು ಬದಲಿಸಿದಾಗ ಬೆಂಕಿಯ ಉದ್ದನೆಯ ಪಕ್ಕವೇ ಅದರ ಮುಖವಾಗಿಬಿಟ್ಟಿತು. ಬೆಂಕಿ ತಮ್ಮ ಊರಿನ ಕಡೆ ತಿರುಗಿದೆ ಎಂಬ ಸುದ್ದಿ ಹಲವು ಊರುಗಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ ಎಂದು ನಂತರದ ವಿಚಾರಣಾ ಆಯೋಗ ಬರೆಯಿತು. ಮುನ್ಸೂಚನೆ ಸರಿಯಿತ್ತು, ತಲುಪುವುದು ಸರಿಯಿರಲಿಲ್ಲ. ದೂರದರ್ಶನದಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಇದು ಚುಚ್ಚುವ ಮಾತು.

ಗಾಳಿ ಬೆಂಕಿಯನ್ನು ಹರಡುವುದಷ್ಟೇ ಅಲ್ಲ, ತಂತಿಗಳನ್ನು ತೂಗಾಡಿಸಿ ಕಿಡಿಯನ್ನೂ ಅದೇ ಹುಟ್ಟಿಸುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. 2024ರ ಫೆಬ್ರವರಿ 26ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಉತ್ತರ ತುದಿಯ ಹುಲ್ಲುಗಾವಲಿನಲ್ಲಿ ಹುಳುಕು ಹಿಡಿದ ಒಂದು ವಿದ್ಯುತ್ ಕಂಬ ಬಿದ್ದು ಹೊತ್ತಿದ ಬೆಂಕಿ ಹತ್ತು ಲಕ್ಷ ಎಕರೆಗೂ ಹೆಚ್ಚು ನೆಲವನ್ನು ಸುಟ್ಟಿತು. ಸಾವಿರಾರು ದನಗಳು ಸತ್ತವು. ಕಡಿಮೆ ಆರ್ದ್ರತೆ ಮತ್ತು ಜೋರು ಗಾಳಿ ಒಟ್ಟಿಗೆ ಬರುವ ದಿನ ಅಲ್ಲಿನ ಹವಾಮಾನ ಇಲಾಖೆ "ಕೆಂಪು ಬಾವುಟದ ಎಚ್ಚರಿಕೆ" ಎಂದು ಸಾರುತ್ತದೆ. ಜೋಳದ ಹೊಲಗಳ ಮೇಲೆ ಜೋತುಬಿದ್ದ ನಮ್ಮ ತಂತಿಗಳನ್ನು ನೋಡಿದವರಿಗೆ ಟೆಕ್ಸಾಸ್ ಬಹಳ ದೂರದ ಊರು ಎನಿಸದು.

ಹಾಗಾದರೆ ನಮ್ಮಲ್ಲಿ ಏನು ನಡೆಯಿತು? ಭಾರತದ ಹವಾಮಾನ ಇಲಾಖೆ 1875ರಲ್ಲೇ ಹುಟ್ಟಿತು. 1876ರಿಂದ 78ರವರೆಗಿನ ಭೀಕರ ಬರ ನಮ್ಮ ಈ ಸೀಮೆಯನ್ನು, ಆಗಿನ ಕಲಾದಗಿ ಜಿಲ್ಲೆಯನ್ನು, ಹಾಳುಗೆಡವಿದ ಮೇಲೆ ಸರ್ಕಾರದ ಗಮನವೆಲ್ಲ ಮಳೆಯ ಮೇಲೆ ನೆಟ್ಟಿತು. ಹಿಮಾಲಯದ ಹಿಮಕ್ಕೂ ಮುಂಗಾರಿಗೂ ನಂಟಿದೆ ಎಂದು ಹೇಳಿದ ಹೆನ್ರಿ ಬ್ಲಾನ್‌ಫರ್ಡ್ 1886ರಲ್ಲಿ ಮುಂಗಾರಿನ ಮುನ್ಸೂಚನೆಯನ್ನು ಕ್ರಮವಾಗಿ ಕೊಡತೊಡಗಿದರು. ಅಲ್ಲಿಂದ ಇಲ್ಲಿಯವರೆಗೆ ನಮ್ಮಲ್ಲಿ ಹವಾಮಾನ ಎಂದರೆ ಮಳೆ ಬರುತ್ತದೆಯೇ, ಇಲ್ಲವೇ ಎಂದೇ ಅರ್ಥ. ಅದರಲ್ಲಿ ತಪ್ಪೇನೂ ಇಲ್ಲ. ಮಳೆಯೇ ನಮಗೆ ಜೀವ. ಆದರೂ ಬೇರೆ ದಾರಿಯಲ್ಲಿ ನಡೆದವರೂ ಇದ್ದರು. 1932ರಲ್ಲಿ ಪುಣೆಯಲ್ಲಿ ಎಲ್. ಎ. ರಾಮದಾಸರ ನೇತೃತ್ವದಲ್ಲಿ ಕೃಷಿ ಹವಾಮಾನ ವಿಭಾಗ ಆರಂಭವಾಯಿತು. ನೆಲಕ್ಕೆ ಅಂಟಿದ, ಹುಲ್ಲಿನ ಎತ್ತರದ ಗಾಳಿಯ ಪದರದಲ್ಲಿ ಶಾಖ ಹೇಗೆ ವರ್ತಿಸುತ್ತದೆ ಎಂದು ಅವರು ಅಳೆದದ್ದು ಇಂದಿಗೂ ಪ್ರಪಂಚದ ಗ್ರಂಥಗಳಲ್ಲಿದೆ. ಅದೇ ದಶಕದಲ್ಲಿ ಸೊಲ್ಲಾಪುರ, ರಾಯಚೂರು, ಹಗರಿ, ರೋಹ್ಟಕ್‌ಗಳ ಜೊತೆಗೆ ವಿಜಯಪುರದಲ್ಲೂ ಒಣ ಬೇಸಾಯದ ಸಂಶೋಧನೆ ಮೊದಲಾಯಿತು. 1945ರಿಂದ ಆಕಾಶವಾಣಿ ರೈತರಿಗಾಗಿ ಹವಾಮಾನ ವರದಿಯನ್ನು ಬಿತ್ತರಿಸತೊಡಗಿತು.

ಬೆಂಕಿಯ ವಿಷಯದಲ್ಲಿ ನಮ್ಮಲ್ಲಿ ಮೊದಲು ಬಂದದ್ದು ಮುನ್ಸೂಚನೆಯಲ್ಲ, ಸುದ್ದಿ. 2004ರಿಂದ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹಗಳು ಕಂಡ ಬೆಂಕಿಯ ಜಾಗಗಳನ್ನು ರಾಜ್ಯಗಳ ಅರಣ್ಯ ಇಲಾಖೆಗಳಿಗೆ ತಿಳಿಸತೊಡಗಿತು. ಉಪಗ್ರಹಕ್ಕೆ ಕಾಣುವುದು ಹೊತ್ತಿದ ಬೆಂಕಿ, ಹೊತ್ತಲಿರುವ ದಿನವಲ್ಲ. ಹವಾಮಾನವನ್ನೂ ಸೇರಿಸಿ ಮುಂಚಿತವಾಗಿ ಎಚ್ಚರಿಸುವ ಕೆಲಸ 2016ರ ಸುಮಾರಿಗೆ ಆರಂಭವಾಯಿತು.

2019ರ ಫೆಬ್ರವರಿಯ ಕೊನೆಯ ವಾರವನ್ನು ಕನ್ನಡಿಗರು ಮರೆತಿರಲಾರರು. 21ರಂದು ಗುಂಡ್ಲುಪೇಟೆ ಕಡೆಯ ಬಂಡೀಪುರ ಕಾಡಿನಲ್ಲಿ ಬೆಂಕಿ ಬಿದ್ದಿತು. ಹುಲ್ಲೂ ಲಂಟಾನವೂ ಒಣಗಿ ನಿಂತಿದ್ದವು. ಗೋಪಾಲಸ್ವಾಮಿ ಬೆಟ್ಟದ ಇಳಿಜಾರುಗಳು ಕಪ್ಪಾದವು. ಹತ್ತು ಸಾವಿರ ಎಕರೆಗೂ ಹೆಚ್ಚು ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಇದೆಲ್ಲ ನಡೆಯುತ್ತಿರುವಾಗಲೇ, 23ರ ಶನಿವಾರ ಮಧ್ಯಾಹ್ನ, ಬೆಂಗಳೂರಿನ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನಕ್ಕೆ ಬಂದವರು ವಾಹನ ನಿಲ್ಲಿಸಿದ್ದ ಬಯಲಿನ ಒಣಹುಲ್ಲಿಗೆ ಬೆಂಕಿ ತಗುಲಿತು. ಗಾಳಿ ಜೋರಾಗಿತ್ತು. ನೋಡನೋಡುತ್ತ ಸುಮಾರು 300 ಕಾರುಗಳು ಸುಟ್ಟು ಕರಕಲಾದವು. ಒಂದನ್ನು ಕಾಡಿನ ಸುದ್ದಿ ಎಂದೂ ಇನ್ನೊಂದನ್ನು ನಗರದ ಸುದ್ದಿ ಎಂದೂ ನಾವು ಬೇರೆ ಬೇರೆ ಮಾಡಿ ತೋರಿಸಿದೆವು. ಸಿಗರೇಟೋ, ಕಾರಿನ ಬಿಸಿ ಕೊಳವೆಯೋ, ದನಗಾಹಿಯೋ ಎಂಬ ಚರ್ಚೆ ನಡೆಯಿತು. ಷಿಕಾಗೋದ ಹಸುವಿನ ಕಥೆಯೇ ಮತ್ತೆ! ಎರಡೂ ಕಡೆ ಇದ್ದದ್ದು ಒಂದೇ ಋತುವಿನ ಒಣಹುಲ್ಲು, ಒಂದೇ ವಾರದ ಒಣ ಹವೆ ಎಂದು ಒಂದು ನಕ್ಷೆಯಲ್ಲಿ ತೋರಿಸಬೇಕೆಂದು ನನಗೂ ಹೊಳೆಯಲಿಲ್ಲ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಹವಾಮಾನ ವರದಿಯನ್ನು ಸಿದ್ಧಪಡಿಸುತ್ತಿದ್ದ ವರ್ಷಗಳಲ್ಲಿ ಸಮಯ ಸಾಲದಾದಾಗ ನಾನು ಮೊದಲು ಕತ್ತರಿಸುತ್ತಿದ್ದದ್ದು ಆರ್ದ್ರತೆ ಮತ್ತು ಗಾಳಿಯ ಸಾಲುಗಳನ್ನೇ. ಗರಿಷ್ಠ ಉಷ್ಣತೆ, ಕನಿಷ್ಠ ಉಷ್ಣತೆ, ಮಳೆ. ಇಷ್ಟು ಸಾಕು ಎಂದುಕೊಂಡಿದ್ದೆ. ಎಷ್ಟು ವೀಕ್ಷಕರು ಪತ್ರ ಬರೆದು ಕೇಳಿದರು ಎನ್ನುವಿರಾ? ಒಬ್ಬರೂ ಇಲ್ಲ.

ವಿಜಯಪುರ ಜಿಲ್ಲೆಯಲ್ಲಿ ಕಾಡು ಎನ್ನುವುದು ಬಹಳ ಕಡಿಮೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಇರುವುದು ಎರೆ ಹೊಲ, ಮಡ್ಡಿ, ಗಾಯರಾಣ, ನದಿಯ ಕಡೆಗೆ ಕಬ್ಬು. ಕಾಡಿಗಾಗಿ ಕಟ್ಟಿದ ಎಚ್ಚರಿಕೆಯ ವ್ಯವಸ್ಥೆ ಇಂಥ ನೆಲದ ಮೇಲೆ ಹಾದು ಹೋಗುತ್ತದೆ, ಇಳಿಯುವುದಿಲ್ಲ. ಸುಡುವುದಕ್ಕೆ ಇಲ್ಲಿ ಏನೂ ಇಲ್ಲವೇ? ಬಣವೆಯಿದೆ, ಕಬ್ಬಿನ ರವದಿಯಿದೆ, ಮಡ್ಡಿಯ ಹುಲ್ಲಿದೆ, ಅದನ್ನು ನಂಬಿದ ಕುರಿಗಳಿವೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಆರ್ದ್ರತೆ ಶೇಕಡಾ 25ಕ್ಕಿಂತ ಕೆಳಗಿಳಿಯುವುದು ಇಲ್ಲಿ ಹೊಸತಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಗುಡುಗು ಮಳೆಗೆ ಮೊದಲು ಏಳುವ ಧೂಳಿನ ಗಾಳಿ, ವಿಕ್ಟೋರಿಯಾದ ಆ ಸಂಜೆಯ ಗಾಳಿಯಂತೆಯೇ, ದಿಕ್ಕನ್ನು ಏಕಾಏಕಿ ಬದಲಿಸುತ್ತದೆ. ರವದಿಗೆ ಬೆಂಕಿ ಇಟ್ಟವರ ಕೈಯಿಂದ ಅದು ತಪ್ಪಿ ಪಕ್ಕದ ಹೊಲಕ್ಕೆ ಹೋಗುವುದು ಇಂಥ ಹೊತ್ತಿನಲ್ಲಿಯೇ.

ಬೇಕಾದ ಅಂಕಿಗಳು ನಮ್ಮಲ್ಲಿಲ್ಲವೆಂದು ಹೇಳುವಂತಿಲ್ಲ. 1988ರಲ್ಲಿ ಬರದ ಉಸ್ತುವಾರಿಗಾಗಿ ಹುಟ್ಟಿದ ಘಟಕ ಬೆಳೆದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಹೋಬಳಿಗೊಂದರಂತೆ ಅದು ನಿಲ್ಲಿಸಿದ ಸ್ವಯಂಚಾಲಿತ ಕೇಂದ್ರಗಳು ಮಳೆಯ ಜೊತೆಗೆ ಉಷ್ಣತೆ, ಆರ್ದ್ರತೆ, ಗಾಳಿಗಳನ್ನೂ ಅಳೆಯುತ್ತವೆ. ರೈತರು ದೂರವಾಣಿಯಲ್ಲಿ ಕೇಳಿ ತಿಳಿಯಲೆಂದು ಆ ಕೇಂದ್ರ "ವರುಣಮಿತ್ರ" ಎಂಬ ಸೇವೆಯನ್ನು ಆರಂಭಿಸಿತು. ಹೆಸರಿನಲ್ಲೂ ಮಳೆಯೇ ಇದೆ ನೋಡಿ. ವಿಜಯಪುರದ ಕೃಷಿ ಸಂಶೋಧನಾ ಕೇಂದ್ರದ ಹವಾಮಾನ ಘಟಕ ಮುಂದಿನ ದಿನಗಳ ಗಾಳಿ, ಆರ್ದ್ರತೆಗಳನ್ನು ಸೇರಿಸಿ ಬೆಳೆಗಳಿಗೆ ಸಲಹೆ ಕೊಡುತ್ತ ಬಂದಿದೆ. ಅಂಕಿಗಳೆರಡನ್ನೂ ಪಕ್ಕಪಕ್ಕದಲ್ಲಿಟ್ಟು "ನಾಳೆ ಮಧ್ಯಾಹ್ನ ರವದಿಗೆ ಬೆಂಕಿ ಇಡಬೇಡಿ, ಒಲೆಯ ಬೂದಿಯನ್ನು ತಿಪ್ಪೆಗೆ ಚೆಲ್ಲಬೇಡಿ" ಎಂಬ ಒಂದು ಸಾಲನ್ನು ಬರೆಯುವುದಷ್ಟೇ ಉಳಿದಿದೆ. ಒಂದು ಸಾಲಿಗೆ ಪರದೆಯ ಮೇಲೆ ಹಿಡಿಯುವುದು ಆರು ಸೆಕೆಂಡು.

ಅಗರಖೇಡದಿಂದ ಹೊರಡುವ ದಿನ ಅಲ್ಲಿನ ಹುಡುಗರಿಗೆ ಒಂದು ಪ್ರಯೋಗ ಮಾಡಿ ತೋರಿಸಿದೆವು. ಎರಡು ಸಾಧಾರಣ ಉಷ್ಣತಾಮಾಪಕಗಳು. ಒಂದರ ಬುಡಕ್ಕೆ ಒದ್ದೆಯ ಬಟ್ಟೆ. ಬೇವಿನ ಮರದ ನೆರಳಿನಲ್ಲಿ ತೂಗುಹಾಕಿ ರಟ್ಟಿನಿಂದ ಗಾಳಿ ಹಾಕಿದರು. ಮಧ್ಯಾಹ್ನ 3 ಗಂಟೆಗೆ ಒಣ ಬುಡದ್ದು 38 ಡಿಗ್ರಿ, ಒದ್ದೆ ಬುಡದ್ದು 21. ಕೋಷ್ಟಕ ನೋಡಿದರೆ ಆರ್ದ್ರತೆ ಶೇಕಡಾ 20ರ ಆಸುಪಾಸು. ಒಬ್ಬ ಹುಡುಗ ಅದನ್ನು ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದ. ಕಟ್ಟೆಯ ಹಿರಿಯರು ಬಂದು ನೋಡಿ, "ಇದನ್ನ ಇಷ್ಟ ತ್ರಾಸ ತಗೊಂಡ ನೋಡಬೇಕೇನ್ರೀ?" ಎಂದು ನಕ್ಕು, ಒಂದು ಕಣಿಕೆಯ ಎಲೆಯನ್ನು ಎತ್ತಿ ಅಂಗೈಯಲ್ಲಿ ಹಿಸುಕಿದರು. ಅದು ಪುಡಿಯಾಯಿತು. ಗಾಳಿ ಆಗಲೇ ಎದ್ದಿತ್ತು. ಪುಡಿ ನಮ್ಮ ಕ್ಯಾಮೆರಾದ ಕಡೆಗೆ ಹಾರಿತು.